‘ಅರೇಬಿಯನ್ ಸ್ಯಾಂಡ್ಸ್’ ಗ್ರಂಥದಲ್ಲಿ ಕುಲನಾಯಕತ್ವ ಮತ್ತು ನಿಷ್ಠೆ

ದಕ್ಷಿಣ ಅರೇಬಿಯಾದ ಮರುಭೂಮಿಯನ್ನು ಕುರಿತು ಆಂಗ್ಲಭಾಷೆಯಲ್ಲಿ ಹೊರಬಂದಿರುವ ಪ್ರವಾಸಗ್ರಂಥಗಳ ಪೈಕಿ ವಿಲ್ಫ್ರೆಡ್ ಥೆಸಿಗರ್ ಅವರ ‘ಅರೇಬಿಯನ್ ಸ್ಯಾಂಡ್ಸ್’ ಅಗ್ರಗಣ್ಯವಾದವುಗಳಲ್ಲೊಂದು. ೧೯೪೫ರಿಂದ ೧೯೫೦ರ ವರೆಗೆ ಗ್ರಂಥಕರ್ತರು ಬೆದೂಯಿನರೊಡನೆ ಕೈಗೊಂಡ ಸಂಚಾರಗಳ ವೃತ್ತಾಂತವು ಇದರಲ್ಲಿದೆ. ಗ್ರಂಥವು ಪ್ರಕಟವಾದುದು ೧೯೫೯ರಲ್ಲಿ. ಮಿಡತೆಗಳ ಹುಟ್ಟುನೆಲೆಗಳನ್ನು ಶೋಧಿಸುವ ಕಾರ್ಯಕ್ಕಾಗಿ ನಿಯುಕ್ತರಾಗಿ ಆ ನಾಡನ್ನು ಹೊಕ್ಕ ಅವರು ರಬ್ ಅಲ್ ಖಾಲಿ ಎಂಬ ಮಹಾಮರುಭೂಮಿಯನ್ನು ಎರಡು ಬಾರಿ ದಾಟಿದರು. ಹಸಿವು, ಬಾಯಾರಿಕೆ, ಒಂಟೆಗಳ ಗುಣದೋಷ, ಸಂಗಡಿಗರಾದ ಬಿನ್ ಕಬೀನ, ಬಿನ್ ಘಬೈಶ ಎಂಬ ತರುಣರ ಸ್ನೇಹ, ಇವುಗಳ ವರ್ಣನೆಯಲ್ಲಿ ಈ ಗ್ರಂಥಕ್ಕೆ ಸಾಟಿಯಾದುವು ವಿರಳ. ಬುಡಕಟ್ಟಿನ ನಾಯಕತ್ವವೆಂದರೇನು, ಬೆದೂಯಿನನ ನಿಷ್ಠೆಯು ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಗಳಿಗೆ ಗ್ರಂಥವು ಕೊಡುವ ಉತ್ತರವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದಷ್ಟೇ ಇಲ್ಲಿಯ ವಿಚಾರ.

ಮರುಭೂಮಿಯ ಷೇಖನು ಅರಸನಲ್ಲವೆಂಬುದನ್ನು ಗ್ರಂಥಕರ್ತರು ಚೆನ್ನಾಗಿ ಅರಿತಿದ್ದಾರೆ. ಆತನಿಗೆ ಸಂಬಳದ ಸೇನೆಯಿಲ್ಲ. ಸಮಾನರಲ್ಲಿ ಆತನು ಮೊದಲಿಗನು ಮಾತ್ರ. ಸಭೆಯೊಂದರ ಅಧ್ಯಕ್ಷನಿಗೆ ಇರುವಷ್ಟೇ ಅಧಿಕಾರವು ಆತನಿಗೆ ಇರುವುದೆಂದು ಅವರು ಹೇಳಿರುವುದು ಸಮರ್ಪಕವಾಗಿದೆ. ಔದಾರ್ಯ, ವಿವೇಕ, ಜನರನ್ನು ಒಲಿಸಿಕೊಳ್ಳುವ ಜಾಣ್ಮೆ, ಇವು ಇರುವ ತನಕ ಆತನ ಮಾತು ನಡೆಯುವುದು. ೧೯೪೬ರ ಕೊನೆಯಲ್ಲಿ ಮರಳುಗಾಡನ್ನು ಮೊದಲ ಬಾರಿಗೆ ದಾಟುವಾಗ ನಡೆದ ಸಂಗತಿಯೇ ಇದಕ್ಕೆ ನಿದರ್ಶನ. ಬೈತ್ ಕಥೀರ್ ಕುಲದ ಮುಖಂಡನು ಮುಂದೆ ಬರಲು ಒಪ್ಪದೆ ಹಿಂದಿರುಗಿದನು. ಆದರೆ ಅದೇ ಕುಲದ ಮುಸಲ್ಲಿಮ್ ಬಿನ್ ತಫ್ಲನು ರಾಷಿದ್ ಕುಲದ ಮಹಮ್ಮದ್ ಅಲ್ ಔಫನ ಮಾರ್ಗದರ್ಶನವನ್ನು ನಂಬಿ ಮುನ್ನಡೆದನು. ಅವನನ್ನು ತಡೆಯುವ ಶಕ್ತಿಯು ಮುಖಂಡನಿಗಿರಲಿಲ್ಲ. ಕನ್ನಡ ಶಾಸನಗಳ ವಾಚಕರು ಬಲ್ಲ ಜೋಳವಾಳಿಯ ನಿಷ್ಠೆ ಇದಲ್ಲ. ಅಲ್ಲಿ ಅನ್ನವಿಕ್ಕಿದ ಒಡೆಯನುಂಟು, ಇಲ್ಲಿ ಒಡೆಯನೇ ಇಲ್ಲ.

‘ರಬೀಅ’ ಎಂಬ ಪದ್ಧತಿಯ ವಿವರಣೆಯೂ ಇಷ್ಟೇ ಬೆಲೆಯುಳ್ಳದ್ದು. ಪರಕುಲದವರ ನೆಲವನ್ನು ಹಾದುಹೋಗುವವರು ಆ ಕುಲದ ಒಬ್ಬನನ್ನು ಜೊತೆಗೆ ಕರೆದುಕೊಳ್ಳುವರು. ಅವನು ಸಂಗಡಿಗರ ರಕ್ಷಣೆಗೆ ಹೊಣೆಯಾಗುವನು; ತನ್ನವರೇ ಮೇಲೆ ಬಿದ್ದರೂ ಅವರನ್ನು ಎದುರಿಸಬೇಕಾದವನು. ಅಂತಹ ನಾಡಿನಲ್ಲಿ ಎಲ್ಲೆಯನ್ನು ಕಾಯುವುದು ಕಲ್ಲೂ ಅಲ್ಲ, ಗೆರೆಯೂ ಅಲ್ಲ. ಒಬ್ಬ ಮನುಷ್ಯನು ಕೊಟ್ಟ ಮಾತು. ನಿಷ್ಠೆಯು ಮನುಷ್ಯನಿಂದ ಮನುಷ್ಯನಿಗೆ ಸಲ್ಲುವುದೇ ಹೊರತು ಮಣ್ಣಿಗಲ್ಲ ಎಂಬ ತತ್ತ್ವವು ಗ್ರಂಥದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಮೂಡಿಲ್ಲ.

ಗ್ರಂಥದ ಕೊರತೆಯು ತೋರುವುದು ಇಲ್ಲಿಂದ ಮುಂದೆ. ಒಂಟೆಗಾರರ ಬಿಡಾರದಲ್ಲಿ ತಾವು ಕಂಡ ಈ ತತ್ತ್ವವನ್ನು ಗ್ರಂಥಕರ್ತರು ರಾಜಕಾರಣದ ವರೆಗೆ ಕೊಂಡೊಯ್ಯುವುದಿಲ್ಲ. ಅವರ ದೃಷ್ಟಿಯಲ್ಲಿ ನಿಷ್ಠೆಯೆಂಬುದು ಶೀಲಕ್ಕೆ ಸೇರಿದ ಗುಣ. ಇಬ್ನ್ ಸೌದ್, ಒಮಾನಿನ ಇಮಾಮ್, ಮಸ್ಕತ್ತಿನ ಸುಲ್ತಾನ, ಬ್ರಿಟಿಷರು, ಎಣ್ಣೆಯ ಕಂಪೆನಿಗಳು, ಇವರೆಲ್ಲ ಆ ಗುಣಕ್ಕೆ ಹೊರಗಿನಿಂದ ಬಂದು ಒದಗಿದ ವಿಘ್ನಗಳು. ಷೇಖರು ಇವರೊಡನೆ ನಡೆಸಿದ ವ್ಯವಹಾರವು ಆ ನಿಷ್ಠೆಯ ಮತ್ತೊಂದು ಮುಖವೆಂಬುದು ಅವರಿಗೆ ಗೋಚರಿಸಿದಂತಿಲ್ಲ. ಆದರೆ ಅವರೇ ಒದಗಿಸಿರುವ ಸಾಮಗ್ರಿಯು ಅದನ್ನು ಸಾರಿ ಹೇಳುತ್ತದೆ.

ಬನೀ ರಿಯಾಮ್ ಕುಲದ ಷೇಖನಾದ ಸುಲೈಮಾನ್ ಬಿನ್ ಹಿಮ್ಯಾರನ ಪ್ರಸಂಗವನ್ನು ಮೊದಲು ನೋಡಬಹುದು. ಒಮಾನಿನ ಒಳನಾಡಿನಲ್ಲಿರುವ ಜಬಲ್ ಅಖ್ದರ್ ಪರ್ವತವು ಈತನ ವಶದಲ್ಲಿತ್ತು. ೧೯೨೦ರ ಸೀಬ್ ಒಪ್ಪಂದದಿಂದ ಒಳನಾಡಿನ ಕುಲಗಳ ವ್ಯವಹಾರದಲ್ಲಿ ಸುಲ್ತಾನನು ಕೈಹಾಕದಿರುವ ಏರ್ಪಾಡಾಗಿತ್ತು. ಅಲ್ಲಿ ಇಮಾಮ್ ಮಹಮ್ಮದ್ ಅಲ್ ಖಲೀಲಿಯ ಮಾತು ನಡೆಯುತ್ತಿತ್ತು. ೧೯೫೦ರಲ್ಲಿ ಆ ಪರ್ವತವನ್ನೇರುವ ಗ್ರಂಥಕರ್ತರ ಪ್ರಯತ್ನವು ಇಮಾಮನ ಕಡೆಯವರ ವಿರೋಧದಿಂದ ವಿಫಲವಾಯಿತು. ಸುಲೈಮಾನನು ತಾನಾಗಿ ಅವರನ್ನು ಕಂಡು, ಕರಾವಳಿಯ ಷೇಖರಂತೆ ತನ್ನನ್ನೂ ಸ್ವತಂತ್ರ ಪ್ರಭುವೆಂದು ಬ್ರಿಟಿಷರು ಅಂಗೀಕರಿಸಬೇಕೆಂಬ ಕೋರಿಕೆಯನ್ನು ಮುಂದಿಟ್ಟನು. ಅಧಿಕಾರಲೋಭಿಯೊಬ್ಬನ ಹವಣಿಕೆಯೆಂಬಂತೆ ಈ ಪ್ರಸಂಗವು ಗ್ರಂಥದಲ್ಲಿ ಮುಗಿದುಹೋಗುತ್ತದೆ.

ಮುಂದಿನ ಚರಿತ್ರೆಯನ್ನು ಜೊತೆಗಿಟ್ಟು ಓದಿದರೆ ಇದೇ ಪ್ರಸಂಗಕ್ಕೆ ಬೇರೊಂದು ಅರ್ಥವು ಬರುತ್ತದೆ. ೧೯೫೪ರಲ್ಲಿ ಖಲೀಲಿಯು ತೀರಿಕೊಂಡು ಘಾಲಿಬ್ ಬಿನ್ ಅಲಿಯು ಇಮಾಮನಾದನು. ೧೯೫೫ರ ಡಿಸೆಂಬರಿನಲ್ಲಿ ಸುಲ್ತಾನ ಸಯೀದ್ ಬಿನ್ ತೈಮೂರನ ಸೇನೆಯು ನಿಜ್ವಾ ಪಟ್ಟಣವನ್ನು ಹಿಡಿದಾಗ ಸುಲೈಮಾನನು ಸುಲ್ತಾನನಿಗೆ ಶರಣಾದನು. ೧೯೫೭ರಲ್ಲಿ ಇಮಾಮನ ಪಕ್ಷವು ದಂಗೆಯೆದ್ದಾಗ ಅದರೊಡನೆ ಕೂಡಿಕೊಂಡನು. ೧೯೫೯ರ ಜನವರಿಯಲ್ಲಿ ಬ್ರಿಟಿಷ್ ಪಡೆಗಳು ಪರ್ವತವನ್ನು ಹತ್ತಿದಾಗ ತಪ್ಪಿಸಿಕೊಂಡು ಸೌದಿ ಅರೇಬಿಯಾವನ್ನು ಸೇರಿದನು. ಒಂಬತ್ತು ವರ್ಷಗಳಲ್ಲಿ ನಾಲ್ಕು ಆಶ್ರಯಗಳು! ಇದನ್ನು ಚಂಚಲತೆಯೆನ್ನುವುದು ಸುಲಭ. ಆದರೆ ಆತನ ಉದ್ದೇಶವು ಒಮ್ಮೆಯೂ ಬದಲಾಗಲಿಲ್ಲ. ಪರ್ವತವು ಪರರ ಕೈಸೇರದಿರಬೇಕು, ಕುಲವು ತನ್ನ ಮಾತನ್ನೇ ಕೇಳಬೇಕು, ಇಷ್ಟೇ ಆತನ ರಾಜನೀತಿ. ಆಶ್ರಯದಾತರು ಬದಲಾದರು, ನಿಷ್ಠೆಯು ಬದಲಾಗಲಿಲ್ಲ. ಗ್ರಂಥವು ಬೆಳಕು ಕಂಡುದು ಈ ಯುದ್ಧವು ಮುಗಿದ ವರ್ಷದಲ್ಲಿಯೇ ಎಂಬುದನ್ನು ವಾಚಕರು ಮರೆಯಬಾರದು.

ಎರಡನೆಯ ನಿದರ್ಶನವು ಬುರೈಮಿಯದು. ಒಂಬತ್ತು ಹಳ್ಳಿಗಳ ಈ ಓಯಸಿಸ್‌ನಲ್ಲಿ ಆರು ಅಬು ಧಾಬಿಗೂ ಮೂರು ಮಸ್ಕತ್ತಿನ ಸುಲ್ತಾನನಿಗೂ ಸೇರಿದುವೆಂದು ಎಣಿಕೆಯಾಗಿತ್ತು. ೧೯೪೯ರಲ್ಲಿ ಸೌದಿ ಸರ್ಕಾರವು ಈ ಪ್ರದೇಶವು ತನ್ನದೆಂದು ವಾದಿಸಿತು. ೧೯೫೨ರ ಆಗಸ್ಟಿನಲ್ಲಿ ಅದರ ಅಧಿಕಾರಿ ತುರ್ಕಿ ಬಿನ್ ಅತೈಶಾನನು ಹಮಾಸ ಎಂಬ ಹಳ್ಳಿಯಲ್ಲಿ ನೆಲೆನಿಂತನು. ಅಲ್ಲಿಯ ಷೇಖನು ಅವನನ್ನು ಬರಮಾಡಿಕೊಂಡನು. ನೆಲದಡಿಯ ಎಣ್ಣೆಯ ಆಸೆಯಿಂದ ಹುಟ್ಟಿದ ಈ ವ್ಯಾಜ್ಯವು ಪಂಚಾಯಿತಿಗೆ ಹೋದಾಗ ತೀರ್ಮಾನವಾಗಬೇಕಾಗಿದ್ದ ಪ್ರಶ್ನೆಯು ಇದು: ಈ ಕುಲಗಳು ಯಾರಿಗೆ ನಿಷ್ಠರು? ಯಾವ ಕುಲವು ಯಾರಿಗೆ ಜಕಾತ್ ಸಲ್ಲಿಸಿತ್ತೆಂಬುದರಿಂದ ಆ ಕುಲದ ನೆಲವು ಯಾರದೆಂಬುದನ್ನು ಸೌದಿ ಪಕ್ಷವು ಸಾಧಿಸಹೊರಟಿತು.

ಜಕಾತ್ ಮೂಲದಲ್ಲಿ ಧರ್ಮವಿಹಿತವಾದ ದಾನ. ಕನ್ನಡದ ‘ಜಕಾತಿ’ಯೂ ಈ ಪದದಿಂದಲೇ ಬಂದುದು. ದಾನವು ಸುಂಕವಾದ ಈ ಅರ್ಥವ್ಯತ್ಯಾಸದಲ್ಲಿಯೇ ಬುರೈಮಿಯ ವ್ಯಾಜ್ಯದ ತಿರುಳು ಅಡಗಿದೆಯೆನ್ನಬಹುದು. ಬಲಿಷ್ಠನಾದ ಪ್ರಭುವು ಸಮೀಪಿಸಿದಾಗ ಕೊಟ್ಟು, ದೂರವಾದಾಗ ನಿಲ್ಲಿಸುವುದು ಬೆದೂಯಿನನಿಗೆ ಸಹಜ. ಅದು ಆ ಹೊತ್ತಿನ ರಕ್ಷಣೆಯ ಬೆಲೆ. ತಾನು ಒಂಟೆ ಮೇಯಿಸುವ ನೆಲವನ್ನು ಬರೆದುಕೊಟ್ಟ ಪತ್ರವಲ್ಲ. ರಾಜ್ಯಗಳಾದರೋ ಅದನ್ನು ಪತ್ರವೆಂದೇ ಓದಿದುವು. ಪಂಚಾಯಿತಿಯು ೧೯೫೫ರ ಸೆಪ್ಟೆಂಬರಿನಲ್ಲಿ ಮುರಿದುಬಿದ್ದು, ಅಕ್ಟೋಬರ್ ೨೬ರಂದು ಬ್ರಿಟಿಷರ ಅಧೀನದ ಪಡೆಯು ಸೌದಿಯವರನ್ನು ಅಲ್ಲಿಂದ ಹೊರಡಿಸಿತು. ಸೌದಿ ಪಕ್ಷವನ್ನು ಹಿಡಿದಿದ್ದ ಷೇಖರು ನಾಡನ್ನು ಬಿಟ್ಟರು. ಮಾತಿನಿಂದ ಮಾತಿಗೆ ಬದಲಾಗಬಹುದಾಗಿದ್ದ ನಿಷ್ಠೆಯು ಭೂಪಟದ ಗೆರೆಯಾದ ಮೇಲೆ, ಹಿಂದಿರುಗುವ ದಾರಿಯು ಅವರಿಗೆ ಉಳಿಯಲಿಲ್ಲ. ಬೆದೂಯಿನರ ಸ್ವಾತಂತ್ರ್ಯವು ನಿಜವಾಗಿ ಕುಸಿದುದು ಇಲ್ಲಿ. ಗ್ರಂಥಕರ್ತರು ಮರುಗುವುದು ಮೋಟಾರು ಗಾಡಿಗಾಗಿ, ಎಣ್ಣೆಯ ಹಣಕ್ಕಾಗಿ. ಮರುಗಬೇಕಾದುದು ಪಕ್ಷವನ್ನು ಬದಲಾಯಿಸುವ ಹಕ್ಕಿನ ನಾಶಕ್ಕಾಗಿ.

ಮುವೈಜಿಯ ಕೋಟೆಯಲ್ಲಿ ಗ್ರಂಥಕರ್ತರು ಕಂಡ ಜಾಯೇದ್ ಬಿನ್ ಸುಲ್ತಾನನ ಚಿತ್ರವು ಗ್ರಂಥದ ಉತ್ತಮ ಭಾಗಗಳಲ್ಲೊಂದು. ಅಬು ಧಾಬಿಯ ಪ್ರಭುವಾದ ಷಖ್ಬೂತನ ತಮ್ಮನಾದ ಈತನು ಅಣ್ಣನ ಪರವಾಗಿ ಬುರೈಮಿಯ ಹಳ್ಳಿಗಳನ್ನು ಆಳುತ್ತಿದ್ದನು. ಆಡಂಬರವಿಲ್ಲದೆ ಜನರೊಡನೆ ಕುಳಿತು ವ್ಯಾಜ್ಯಗಳನ್ನು ತೀರಿಸುತ್ತಿದ್ದ ಆತನನ್ನು ಬೆದೂಯಿನರು ತಮ್ಮವನೆಂದೇ ಮೆಚ್ಚಿದ್ದರು. ಗ್ರಂಥಕರ್ತರು ಈತನಲ್ಲಿ ಹಳೆಯ ಕಾಲದ ಆದರ್ಶ ನಾಯಕನನ್ನು ಕಂಡರು. ಆದರೆ ಹೊಸ ಕಾಲದ ರಾಜ್ಯಕರ್ತನು ಹುಟ್ಟಿದುದೂ ಈತನಲ್ಲಿಯೇ. ೧೯೬೬ರಲ್ಲಿ ಅಣ್ಣನ ಸ್ಥಾನಕ್ಕೆ ಬಂದು, ೧೯೭೧ರಿಂದ ೨೦೦೪ರಲ್ಲಿ ತೀರಿಕೊಳ್ಳುವ ವರೆಗೆ ಸಂಯುಕ್ತ ಅರಬ್ ಎಮಿರೇಟುಗಳ ಅಧ್ಯಕ್ಷನಾಗಿದ್ದ ಜಾಯೇದನು, ಷೇಖನ ಔದಾರ್ಯವನ್ನೇ ಎಣ್ಣೆಯ ಆದಾಯದಿಂದ ರಾಜ್ಯದ ಪದ್ಧತಿಯಾಗಿ ಮಾರ್ಪಡಿಸಿದನು. ಹಳೆಯ ನಾಯಕತ್ವವೂ ಹೊಸ ರಾಜ್ಯವೂ ಪರಸ್ಪರ ಶತ್ರುಗಳೆಂಬ ಗ್ರಂಥದ ನಂಬಿಕೆಗೆ ಈತನ ಜೀವನವೇ ಪ್ರತ್ಯುತ್ತರ.

ಪ್ರವಾಸಗ್ರಂಥದಲ್ಲಿ ರಾಜಕೀಯ ಚರಿತ್ರೆಯನ್ನು ಅಪೇಕ್ಷಿಸುವುದು ನ್ಯಾಯವೇ ಎಂಬ ಆಕ್ಷೇಪಣೆಯು ಬರಬಹುದು. ಗ್ರಂಥವು ಬರಿಯ ಪಯಣದ ಕಥೆಯಾಗಿದ್ದರೆ ಆ ಆಕ್ಷೇಪಣೆಯು ಸರಿ. ಆದರೆ ಒಂದು ಜನಾಂಗವು ಏತಕ್ಕಾಗಿ ಅಳಿಯಿತೆಂಬ ತೀರ್ಪನ್ನೂ ಇದು ಕೊಡುತ್ತದೆ. ತೀರ್ಪು ಕೊಟ್ಟ ಮೇಲೆ ಸಾಕ್ಷ್ಯದ ವಿಚಾರಣೆಯು ತಪ್ಪದು. ತಾವು ರಚಿಸಿದ ಭೂಪಟಗಳು ಅನ್ಯರ ಸ್ವಾರ್ಥಕ್ಕೆ ನೆರವಾದುವೆಂದು ಗ್ರಂಥಕರ್ತರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆ ಭೂಪಟಗಳು ಬೆದೂಯಿನರ ನಿಷ್ಠೆಯ ಸ್ವರೂಪವನ್ನೇ ಬದಲಾಯಿಸಿದುವೆಂಬ ಮುಂದಿನ ಹೆಜ್ಜೆಯನ್ನು ಅವರು ಇಟ್ಟಿದ್ದರೆ ಗ್ರಂಥವು ಇನ್ನೂ ಪೂರ್ಣವಾಗುತ್ತಿತ್ತು. ಅರೇಬಿಯಾದ ಚರಿತ್ರೆಯನ್ನು ಅಭ್ಯಾಸ ಮಾಡುವವರು ಇದನ್ನು ಅವಶ್ಯವಾಗಿ ಓದಬೇಕು. ಆದರೆ ಅದರ ಶೋಕವನ್ನು ಪಕ್ಕಕ್ಕಿಟ್ಟು, ಅದು ಕಂಡು ಹೇಳಿದ ಸಂಗತಿಗಳನ್ನು ಹಿಡಿದು ಓದಬೇಕು.