ಗಾಂಜಾ, ಜೀನ್ ಮತ್ತು ಸ್ಕಿಜೋಫ್ರೇನಿಯ: ಒಂದು ಪ್ರಬಂಧದ ಮರುಪರಿಶೀಲನೆ

ಸ್ಕಿಜೋಫ್ರೇನಿಯ ರೋಗಿಗಳಲ್ಲಿ ಮಾದಕ ವಸ್ತುಗಳ ಚಟ ಇತರರಿಗಿಂತ ಹೆಚ್ಚು. ಇವೆರಡಕ್ಕೂ ಇರುವ ನಂಟೇನು? ಇದಕ್ಕೆ ಉತ್ತರವೆಂದು ಬಹಳವಾಗಿ ಉಲ್ಲೇಖಗೊಂಡ ಪ್ರಬಂಧ ಅವ್ಶಲೋಮ್ ಕ್ಯಾಸ್ಪಿ ಮತ್ತು ಸಂಗಡಿಗರದು; ಪ್ರಕಟವಾದದ್ದು 2005ರಲ್ಲಿ. ಇಂದು ಅದನ್ನು ಎಚ್ಚರದಿಂದ ಓದಬೇಕಾಗಿದೆ.

ಸಿಓಎಂಟಿ ಎಂಬ ಜೀನ್, ಮಿದುಳಿನಲ್ಲಿ ಡೋಪಮೀನನ್ನು ವಿಘಟಿಸುವ ಕಿಣ್ವವೊಂದರ ತಯಾರಿಕೆಗೆ ಕಾರಣ. ಕಿಣ್ವದ 158ನೆಯ ಸ್ಥಾನದಲ್ಲಿ ವ್ಯಾಲೀನ್ ಇರಬಹುದು, ಇಲ್ಲವೆ ಮೆಥಿಯೊನೀನ್. ವ್ಯಾಲೀನ್ ರೂಪ ಹೆಚ್ಚು ಚುರುಕು. ನ್ಯೂಜಿಲೆಂಡಿನ ಡನೀಡನ್‌ನಲ್ಲಿ 1972-73ರಲ್ಲಿ ಹುಟ್ಟಿದ 803 ಮಂದಿಯ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. ತಂದೆ ತಾಯಿ ಇಬ್ಬರಿಂದಲೂ ವ್ಯಾಲೀನ್ ರೂಪ ಪಡೆದು, ಹದಿಹರೆಯದಲ್ಲೇ ಗಾಂಜಾ ಸೇದಿದವರಲ್ಲಿ 26ನೆಯ ವಯಸ್ಸಿಗೆ ರೋಗಲಕ್ಷಣಗಳು ಹೆಚ್ಚಾಗಿದ್ದವು. ಎರಡೂ ಮೆಥಿಯೊನೀನ್ ಆಗಿದ್ದವರಲ್ಲಿ ಗಾಂಜಾದ ಪ್ರಭಾವ ಕಾಣಲಿಲ್ಲ.

ರೋಗ ಬಂದ ಮೇಲೆ ನೆನಪುಗಳನ್ನು ಕೆದಕದೆ ಬಾಲ್ಯದಿಂದಲೇ ದಾಖಲಿಸಿಕೊಂಡು ಬಂದದ್ದು ಈ ಅಧ್ಯಯನದ ಹಿರಿಮೆ. ದೋಷವಿರುವುದು ಸಂಖ್ಯೆಯಲ್ಲಿ. ಜೀನಿನ ಮೂರು ಜೋಡಿಗಳು, ಹದಿಹರೆಯದಲ್ಲಿ ಗಾಂಜಾ ಸೇದಿದವರು ಮತ್ತು ಸೇದದವರು, ಹೀಗೆ ಆರು ಗುಂಪು ಮಾಡಿ ನೋಡಿ. ನಿರ್ಣಾಯಕ ಗುಂಪಿನಲ್ಲಿ ಉಳಿಯುವವರು ಸುಮಾರು ಐವತ್ತು ಮಂದಿ. ಅವರಲ್ಲಿ ರೋಗಲಕ್ಷಣವಿದ್ದವರು ಬೆರಳೆಣಿಕೆಯಷ್ಟು. ಇಬ್ಬರು ಮೂವರು ಆಚೀಚೆಯಾದರೂ ತೀರ್ಮಾನ ಅಲುಗಾಡುತ್ತದೆ. ಹತ್ತು ಸಲ ಚಿಮ್ಮಿದ ನಾಣ್ಯ ಏಳು ಸಲ ಒಂದೇ ಮುಖ ತೋರಿದರೆ ನಾಣ್ಯವೇ ಸರಿಯಿಲ್ಲ ಎನ್ನಲಾದೀತೆ?

ಭೌತವಿಜ್ಞಾನದಲ್ಲಿ ಪ್ರಯೋಗವನ್ನು ಇನ್ನೊಬ್ಬರು ಮಾಡಿದಾಗಲೂ ಅದೇ ಫಲಿತಾಂಶ ಬರಬೇಕು. ಇಲ್ಲಿ ಹಾಗಾಗಲಿಲ್ಲ. ಸ್ಟ್ಯಾನ್ಲಿ ಜಮಿಟ್ ತಂಡದ 2007 ಹಾಗೂ 2011ರ ಅಧ್ಯಯನಗಳು ಇಂಥ ಪರಸ್ಪರ ಕ್ರಿಯೆಗೆ ಆಧಾರ ಕಾಣಲಿಲ್ಲ. 2014ರಲ್ಲಿ 36,989 ರೋಗಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನ ಜೀನೋಮಿನಲ್ಲಿ 108 ತಾಣಗಳನ್ನು ಗುರುತಿಸಿತು. ಸಿಓಎಂಟಿ ಆ ಪಟ್ಟಿಯಲ್ಲಿಲ್ಲ. ಅದೇ ವರ್ಷ ಇನ್ನೊಂದು ಅಧ್ಯಯನ, ಸ್ಕಿಜೋಫ್ರೇನಿಯದ ಅನುವಂಶೀಯ ಅಪಾಯ ಹೆಚ್ಚಿರುವವರು ಗಾಂಜಾ ಸೇದುವ ಸಂಭವವೂ ತುಸು ಹೆಚ್ಚೆಂದು ತೋರಿಸಿತು. ಎಂದರೆ ನಂಟಿನ ಒಂದು ಭಾಗ ಎರಡಕ್ಕೂ ಸಮಾನವಾದ ಅನೇಕ ಜೀನ್‌ಗಳಲ್ಲಿರಬಹುದು.

ಹಾಗಾದರೆ ಗಾಂಜಾ ನಿರಪಾಯಕಾರಿಯೆ? ಅಲ್ಲ. ಸ್ವೀಡನ್ನಿನ ಸೇನಾ ಭರ್ತಿಯ ಯುವಕರ 1987ರ ಅಧ್ಯಯನದಲ್ಲಿ, ಅತಿಯಾಗಿ ಸೇದಿದವರಲ್ಲಿ ರೋಗ ಸುಮಾರು ಆರು ಪಟ್ಟು ಕಂಡಿತ್ತು. ಅಲುಗಾಡಿರುವುದು ಒಂದೇ ಜೀನ್ ಎಲ್ಲವನ್ನೂ ನಿರ್ಧರಿಸುತ್ತದೆಂಬ ಮಾತು ಮಾತ್ರ.

ಈ ವ್ಯತ್ಯಾಸವನ್ನು ತರಗತಿಯಲ್ಲಿ ಬಿಡಿಸಿ ಹೇಳಿ. ‘ನನ್ನಲ್ಲಿರುವುದು ಒಳ್ಳೆಯ ಜೀನ್, ನನಗೇನೂ ಆಗದು’ ಎಂದುಕೊಳ್ಳುವ ಹುಡುಗನಿಗೆ ಆ ಪ್ರಬಂಧ ರಕ್ಷಣೆ ಕೊಡದು.