ಐವತ್ತರ ಮುಖಕ್ಕೆ ಹೆದರಿದ ಸಿನಿಮಾ

ಕೆಂಪು ಉಡುಪು ತೊಟ್ಟ ಹೆಂಗಸೊಬ್ಬಳು ಹೊರಗೆ ಹೊರಟಿದ್ದಾಳೆ. ಶಾಲೆಯಲ್ಲಿ ಜೊತೆಗೆ ಓದಿದ ಫ್ರೆಡ್ ಎಂಬಾತ ಅವಳಿಗಾಗಿ ಕಾಯುತ್ತಿದ್ದಾನೆ. ಬಾಗಿಲವರೆಗೆ ಹೋದವಳು ಏನೋ ಸರಿಯಿಲ್ಲವೆನಿಸಿ ಕನ್ನಡಿಯ ಮುಂದೆ ಮರಳಿ ಬರುತ್ತಾಳೆ. ತುಟಿಗೆ ಇನ್ನಷ್ಟು ಬಣ್ಣ ಹಚ್ಚುತ್ತಾಳೆ. ಮತ್ತೆ ಬಾಗಿಲು, ಮತ್ತೆ ಕನ್ನಡಿ. ಕತ್ತು ಕಾಣಬಾರದೆಂದು ಒಂದು ಸ್ಕಾರ್ಫ್ ಸುತ್ತಿಕೊಳ್ಳುತ್ತಾಳೆ. ಬಾಗಿಲ ಹಿಡಿಯಲ್ಲಿ ತನ್ನದೇ ಮುಖ ಸೊಟ್ಟಗೆ ಕಂಡಾಗ ಅವಳ ಕೈ ನಿಂತುಬಿಡುತ್ತದೆ. ಕೊನೆಗೆ ಕನ್ನಡಿಯೆದುರು ನಿಂತು, ಹಚ್ಚಿದ ಬಣ್ಣವನ್ನೆಲ್ಲ ಅಂಗೈಯಿಂದ ಉಜ್ಜಿ ಉಜ್ಜಿ ಮುಖದ ತುಂಬ ಕಲಸಿಬಿಡುತ್ತಾಳೆ. ಅಲ್ಲಿ ಫ್ರೆಡ್ ಕಾಯುತ್ತಲೇ ಇರುತ್ತಾನೆ. ಅವಳು ಹೋಗುವುದಿಲ್ಲ.

ಫ್ರೆಂಚ್ ನಿರ್ದೇಶಕಿ ಕೊರಾಲಿ ಫಾರ್ಜಾ ಅವರ ‘ದಿ ಸಬ್‌ಸ್ಟೆನ್ಸ್’ 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡು, ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಪಡೆಯಿತು. ಅದರ ರಕ್ತ, ಸೂಜಿ, ಒಡೆಯುವ ಮೈಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಮೇಲಿನ ದೃಶ್ಯದಲ್ಲಿ ಒಂದು ಹನಿ ರಕ್ತವೂ ಇಲ್ಲ. ಆದರೂ ಎರಡು ಗಂಟೆ ಇಪ್ಪತ್ತು ನಿಮಿಷದ ಈ ಚಿತ್ರದಲ್ಲಿ ನೋಡುಗರ ಎದೆಯನ್ನು ನಿಜವಾಗಿ ಹಿಂಡುವುದು ಅದೊಂದೇ. ನಡುವಯಸ್ಸಿನ ಹೆಣ್ಣು ತನ್ನ ಮುಖದ ಜೊತೆ ನಡೆಸುವ ಜಗಳವನ್ನು ಇಷ್ಟು ಹತ್ತಿರದಿಂದ ಕಂಡ ಸಿನಿಮಾಗಳು ತೀರಾ ಕಡಿಮೆ. ಇಷ್ಟೆಲ್ಲ ಕಂಡ ಚಿತ್ರ, ಆಮೇಲೆ ತಾನು ಕಂಡದ್ದಕ್ಕೇ ಹೆದರಿ ಓಡಿತು ಎಂಬುದು ಈ ಬರಹದ ತಕರಾರು.

ಕಥೆಯನ್ನು ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳಬಹುದು. ಎಲಿಜಬೆತ್ ಸ್ಪಾರ್ಕಲ್ ಒಂದು ಕಾಲದ ಸಿನಿಮಾ ತಾರೆ, ಈಗ ಟಿವಿಯಲ್ಲಿ ಏರೋಬಿಕ್ಸ್ ಕಾರ್ಯಕ್ರಮ ನಡೆಸುತ್ತಾಳೆ. ಐವತ್ತನೆಯ ಹುಟ್ಟುಹಬ್ಬದ ದಿನ ವಾಹಿನಿಯ ಮುಖ್ಯಸ್ಥ ಹಾರ್ವಿ ಅವಳನ್ನು ಊಟಕ್ಕೆ ಕರೆದು, ಸಿಗಡಿ ಜಗಿಯುತ್ತಲೇ ಕೆಲಸದಿಂದ ತೆಗೆಯುತ್ತಾನೆ. ಆಗ ಅವಳ ಕೈಗೆ ಗುಟ್ಟಿನ ಮದ್ದೊಂದು ಸಿಗುತ್ತದೆ. ಚುಚ್ಚಿಕೊಂಡರೆ ಬೆನ್ನು ಸೀಳಿ ಒಳಗಿನಿಂದ ಹರೆಯದ ಇನ್ನೊಂದು ಮೈ ಎದ್ದು ಬರುತ್ತದೆ. ಅವಳ ಹೆಸರು ಸೂ. ಏಳು ದಿನ ಇವಳು, ಏಳು ದಿನ ಅವಳು. ಒಬ್ಬಳು ಎದ್ದಿದ್ದಾಗ ಇನ್ನೊಬ್ಬಳು ಎಚ್ಚರ ತಪ್ಪಿ ನೆಲದ ಮೇಲೆ ಬಿದ್ದಿರಬೇಕು. ಸೂ ತನ್ನ ಸರದಿ ಮೀರಿ ಒಂದು ದಿನ ಹೆಚ್ಚು ಉಳಿದರೂ ಎಲಿಜಬೆತ್ ಅದಕ್ಕೆ ಬೆಲೆ ತೆರುತ್ತಾಳೆ: ಒಂದು ಬೆರಳು ಒಮ್ಮೆಲೇ ಮುದಿಯಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಚಿತ್ರದ ಮೊದಲರ್ಧದಲ್ಲಿ ದೊಡ್ಡದೊಂದು ತಿಳಿವಳಿಕೆ ಇದೆ. ಹಾರ್ವಿ ಕ್ರೂರಿ, ನಿಜ. ಆದರೆ ಕೆಂಪು ಉಡುಪಿನ ಆ ರಾತ್ರಿ ಹಾರ್ವಿ ಅಲ್ಲಿಲ್ಲ. ಕಾಯುತ್ತಿರುವ ಫ್ರೆಡ್ ಅವಳ ಅಂದವನ್ನು ಮನಸಾರೆ ಮೆಚ್ಚಿದವನು. ಅವಳನ್ನು ಮನೆಯಿಂದ ಹೊರಡದಂತೆ ಮಾಡಿದ್ದು ಅವಳೊಳಗೇ ಕೂತ ತೀರ್ಪುಗಾರ್ತಿ. ಮದುವೆಮನೆಗೆ ಹೊರಟು, ಹೇರ್ ಡೈ ಮಾಸಿ ಬೈತಲೆಯ ಬುಡದಲ್ಲಿ ಬಿಳಿ ಕಂಡಿತೆಂದು ಸೀರೆ ಬಿಚ್ಚಿಟ್ಟು ಮನೆಯಲ್ಲೇ ಉಳಿದ ಹೆಂಗಸಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ. ಗ್ರೂಪ್ ಫೋಟೊ ಎಂದೊಡನೆ ಹಿಂದಿನ ಸಾಲಿಗೆ ಸರಿದು ನಿಲ್ಲುವವರಿಗೂ ಅಷ್ಟೆ.

ಇನ್ನೊಂದು ಒಳನೋಟ ಸೂಕ್ಷ್ಮವಾದದ್ದು. ಮದ್ದು ಕೊಡುವವರು ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಾರೆ, ನೀವಿಬ್ಬರೂ ಒಬ್ಬರೇ ಎಂದು. ಆದರೆ ಸೂ ಅನುಭವಿಸಿದ ಚಪ್ಪಾಳೆ, ಪಾರ್ಟಿ, ಪ್ರೀತಿ ಯಾವುದೂ ಎಲಿಜಬೆತ್‌ಗೆ ದಕ್ಕುವುದಿಲ್ಲ. ಅವಳ ಏಳು ದಿನಗಳಲ್ಲಿ ಉಳಿಯುವುದು ಸೋಫಾ, ಟಿವಿ ಮತ್ತು ಕಿಟಕಿಯಾಚೆ ಸೂ ನಗುತ್ತಿರುವ ದೊಡ್ಡ ಜಾಹೀರಾತು ಫಲಕ. ಇದನ್ನು ಚಿತ್ರಕಥೆಯ ತಪ್ಪೆಂದು ಕೆಲವರಿಗೆ ಅನಿಸಬಹುದು. ಆದರೆ ಇದೇ ಅದರ ಜೀವಾಳ. ಬೆಲೆ ಕೊಟ್ಟವಳೊಬ್ಬಳು, ಸುಖ ಪಟ್ಟವಳೊಬ್ಬಳು. ಮರಳಿ ತಂದ ಹರೆಯ, ತಂದುಕೊಂಡವಳಿಗೇ ಪರಕೀಯ.

ಏಳು ದಿನದ ಆ ಸರದಿಗೂ ನಿಜಲೋಕದ ವ್ಯವಹಾರಕ್ಕೂ ಇರುವ ಹೋಲಿಕೆಯನ್ನು ಗಮನಿಸಬೇಕು. ಸುಕ್ಕು ಅಳಿಸುವ ಚುಚ್ಚುಮದ್ದು ಬೊಟಾಕ್ಸ್‌ನ ಚರಿತ್ರೆಯನ್ನೇ ನೋಡಿ. 1987ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನೇತ್ರವೈದ್ಯೆ ಜೀನ್ ಕರುದರ್ಸ್, ತಡೆಯಿಲ್ಲದೆ ರೆಪ್ಪೆ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುತ್ತಿದ್ದರು. ಚುಚ್ಚಿದ ಕಡೆ ಹುಬ್ಬಿನ ನಡುವಿನ ಗೆರೆಗಳೂ ಮಾಯವಾಗುವುದು ಅವರಿಗೆ ತಿಳಿದುಬಂತು. ಚರ್ಮವೈದ್ಯರಾಗಿದ್ದ ಪತಿ ಅಲಸ್ಟೇರ್ ಜೊತೆ ಸೇರಿ 1992ರಲ್ಲಿ ಅದನ್ನು ಪ್ರಕಟಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಹುಬ್ಬಿನ ಗೆರೆಗಳಿಗೆ ಅದನ್ನು ಬಳಸಲು ಒಪ್ಪಿಗೆ ಕೊಟ್ಟಿತು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಈ ಮದ್ದು ತಡೆಯುತ್ತದೆ, ಸ್ನಾಯು ಸಡಿಲವಾಗುತ್ತದೆ, ಮೇಲಿನ ಚರ್ಮ ಮಡಿಚಿಕೊಳ್ಳುವುದಿಲ್ಲ. ಆದರೆ ಪರಿಣಾಮ ಇರುವುದು ಮೂರು ನಾಲ್ಕು ತಿಂಗಳು ಮಾತ್ರ. ಆಮೇಲೆ ಮತ್ತೆ ಸೂಜಿ, ಮತ್ತೆ ಹಣ. ನುರಿತ ವೈದ್ಯರ ಕೈಯಲ್ಲಿ ಇದು ಅಪಾಯದ ಚಿಕಿತ್ಸೆಯೇನಲ್ಲ. ಬೇಕೆಂದು ಮಾಡಿಸಿಕೊಂಡ ಹೆಣ್ಣನ್ನು ಹೀಗಳೆಯುವ ಹಕ್ಕೂ ಯಾರಿಗೂ ಇಲ್ಲ. ಆದರೆ ಒಮ್ಮೆ ಮಾಡಿಸಿದ ಮೇಲೆ ಕ್ಯಾಲೆಂಡರಿಗೆ ಕಟ್ಟಿಬೀಳಬೇಕು, ನಿಲ್ಲಿಸಿದ ಮೇಲೆ ಹಳೆಯ ಮುಖ ವಾಪಸ್ ಬಂದಾಗ ಅದು ಮೊದಲಿಗಿಂತ ಕೆಟ್ಟದಾಗಿದೆಯೇನೋ ಎನಿಸುತ್ತದೆ. ಫಾರ್ಜಾ ಈ ಒಂದು ಸತ್ಯವನ್ನು ಹಿಡಿದು ಕಥೆಯ ಯಂತ್ರವನ್ನೇ ಕಟ್ಟಿದ್ದಾರೆ.

ನಮ್ಮ ಕಡೆಯ ಮುಖಗಳ ಪಾಡು ಸ್ವಲ್ಪ ಬೇರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದು, ಅದರೊಂದಿಗೆ ಚರ್ಮದ ಕೊಲಾಜನ್ ಬೇಗಬೇಗ ಕರಗುವುದು ಎಲ್ಲ ಹೆಂಗಸರಿಗೂ ಒಂದೇ. ಆದರೆ ಕಂದು, ಕಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಸುಕ್ಕು ತಡವಾಗಿ ಬರುತ್ತದೆ. ಮೊದಲು ಕಾಣಿಸಿಕೊಳ್ಳುವುದು ಕೆನ್ನೆಯ ಮೇಲಿನ ಬಂಗು, ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಸುತ್ತ ಗಾಢವಾಗುವ ಬಣ್ಣ. ಹೀಗಾಗಿ ವಯಸ್ಸಿನ ಚಿಂತೆ ನಮ್ಮಲ್ಲಿ ಬಣ್ಣದ ಚಿಂತೆಯೊಂದಿಗೆ ಹೆಣೆದುಕೊಂಡುಬಿಡುತ್ತದೆ, ಬಿಳಿ ಮಾಡುವ ಕ್ರೀಮಿನ ಕಡೆಗೆ ತಳ್ಳುತ್ತದೆ. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ನಿಲ್ಲಿಸಿದರೆ ಉರಿ ತಾಳಲಾಗದೆ ಬರುವವರನ್ನು ಚರ್ಮವೈದ್ಯರು ದಿನವೂ ನೋಡುತ್ತಾರೆ. ಅಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಬೇಕಾಯಿತು. ಬಂಗಿಗೆ ಮುಖ್ಯವಾಗಿ ಬೇಕಾದದ್ದು ಬಿಸಿಲಿನಿಂದ ರಕ್ಷಣೆ, ಒಳ್ಳೆಯ ವೈದ್ಯರು ಮತ್ತು ತಾಳ್ಮೆ. ಎಲಿಜಬೆತ್‌ಗೆ ಸಿಕ್ಕಂಥ ಮದ್ದು ಎಲ್ಲೂ ಇಲ್ಲ.

ಚಿತ್ರ ಎಡವಿದ್ದು ಮುದಿತನ ನಿಜವಾಗಿ ತೆರೆಯ ಮೇಲೆ ಬಂದಾಗ. ಎಲಿಜಬೆತ್ ಪೂರ್ತಿ ಮುದುಕಿಯಾದಾಗ ಅವಳಿಗೆ ಗೂನು ಬೆನ್ನು, ಉದುರಿದ ಕೂದಲು, ಊದಿಕೊಂಡ ಕೀಲು. ಕ್ಯಾಮೆರಾ ಅವಳನ್ನು ನೋಡುವುದು ಹೇಸಿಗೆಯಿಂದ. ನೋಡುಗರು ಕಿರುಚಬೇಕು, ಇಲ್ಲವೇ ನಗಬೇಕು; ಮರುಗಲು ಸಮಯವನ್ನೇ ಕೊಡುವುದಿಲ್ಲ. ಇಳಿಬಿದ್ದ ಚರ್ಮ ನೋಡಿ ಹಾರ್ವಿ ಮುಖ ತಿರುಗಿಸುತ್ತಾನಲ್ಲ, ಅದೇ ತಿರಸ್ಕಾರವನ್ನು ಚಿತ್ರ ತನ್ನ ಭಯಾನಕ ರಸಕ್ಕೆ ಬಂಡವಾಳ ಮಾಡಿಕೊಂಡಿದೆ. ಮೈ ಭಯಾನಕವಾಗುವ ಸಿನಿಮಾ ಪ್ರಕಾರದ ರೂಢಿ ಹೀಗೆಯೇ ಎಂದು ಸಮರ್ಥಿಸುವವರಿದ್ದಾರೆ. ಆದರೆ ಅದೇ ಪ್ರಕಾರದೊಳಗೆ ಇದ್ದೇ ಫಾರ್ಜಾ ಬಾಗಿಲ ಹಿಡಿಯ ದೃಶ್ಯ ತೆಗೆದಿದ್ದಾರೆ. ಅಲ್ಲಿ ಬರೀ ಒಂದು ಮುಖ ಸಾಕಾಗಿತ್ತು.

ಎಲಿಜಬೆತ್ ಪಾತ್ರ ಮಾಡಿದ ಡೆಮಿ ಮೂರ್ ಅವರ ಮುಖ ಅದು. 1962ರಲ್ಲಿ ಹುಟ್ಟಿದ ಅವರಿಗೆ ಚಿತ್ರ ತೆರೆಕಂಡಾಗ 61. 1990ರ ‘ಘೋಸ್ಟ್’ನಿಂದ ಮನೆಮಾತಾಗಿ, ಒಂದು ಹಂತದಲ್ಲಿ ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆದ ನಟಿಯಾಗಿ, ನಂತರ ವರ್ಷಗಟ್ಟಲೆ ಬದಿಗೆ ಸರಿದವರು. ಮೈಯ ಮೇಲೆ, ಮುಖದ ಮೇಲೆ ಲೋಕ ಆಡಿದ ಮಾತುಗಳನ್ನೆಲ್ಲ ಕೇಳಿ ಗೊತ್ತಿರುವ ಹೆಂಗಸು ಹತ್ತಿರದ ಕ್ಯಾಮೆರಾಕ್ಕೆ, ಕಟು ಬೆಳಕಿಗೆ ತನ್ನ ಮುಖವನ್ನು ಒಡ್ಡಿದ್ದಾರೆ. ಅದು ದೊಡ್ಡ ಧೈರ್ಯ. 2025ರ ಜನವರಿಯಲ್ಲಿ ಅವರಿಗೆ ಗೋಲ್ಡನ್ ಗ್ಲೋಬ್ ಬಂತು. ಮಾರ್ಚ್‌ನಲ್ಲಿ ಆಸ್ಕರ್‌ನ ಅತ್ಯುತ್ತಮ ನಟಿ ಪ್ರಶಸ್ತಿ ‘ಅನೋರಾ’ದ ಮೈಕಿ ಮ್ಯಾಡಿಸನ್ ಪಾಲಾಯಿತು. ಮ್ಯಾಡಿಸನ್ ಒಳ್ಳೆಯ ನಟಿ, ಆ ಬಗ್ಗೆ ದೂರಿಲ್ಲ. ಆದರೆ ‘ದಿ ಸಬ್‌ಸ್ಟೆನ್ಸ್’ಗೆ ಸಿಕ್ಕ ಒಂದೇ ಆಸ್ಕರ್ ಮೇಕಪ್ ಮತ್ತು ಕೇಶವಿನ್ಯಾಸಕ್ಕೆ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ನಿಜವಾದ ಮುಖವನ್ನು ಬಿಟ್ಟು, ಅದರ ಮೇಲೆ ಅಂಟಿಸಿದ ರಬ್ಬರಿನ ಮುದಿತನಕ್ಕೆ ಮನ್ನಣೆ ಸಿಕ್ಕಿತು.

ಇದಕ್ಕಿಂತಲೂ ಕಾಡುವ ಕೊರತೆ ಎಂದರೆ ಎಲಿಜಬೆತ್‌ಗೆ ಯಾರೂ ಇಲ್ಲ. ಅಕ್ಕ, ತಂಗಿ, ಗೆಳತಿ, ಹಳೆಯ ಸಹನಟಿ, ಪಕ್ಕದ ಮನೆಯ ಹೆಂಗಸು, ಯಾರೊಬ್ಬರೂ ಆ ಎತ್ತರದ ಮನೆಗೆ ಬರುವುದಿಲ್ಲ. ಅವಳ ವಯಸ್ಸಿನ ಇನ್ನೊಬ್ಬ ಹೆಣ್ಣು ಕಥೆಯಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ಲೋಕದಲ್ಲಿ ಹೆಂಗಸರು ಈ ವಯಸ್ಸನ್ನು ದಾಟುವುದು ಒಬ್ಬರಿಗೊಬ್ಬರು ಆತು. ನಿನಗೂ ಬೆವರುತ್ತಾ, ನಿನಗೂ ನಿದ್ದೆ ಬರಲ್ವಾ, ನಿನ್ನ ಕತ್ತೂ ಹೀಗಾಯಿತಾ ಎಂದು ಕೇಳಿಕೊಂಡೇ ಅರ್ಧ ಭಾರ ಇಳಿಯುತ್ತದೆ. ಆ ದಾರಿಯನ್ನು ಮುಚ್ಚಿ, ಕನ್ನಡಿಯೊಂದನ್ನೇ ಉಳಿಸಿದರೆ ಯಾರಾದರೂ ಹುಚ್ಚರಾಗುತ್ತಾರೆ. ಬಿಲ್ಲಿ ವೈಲ್ಡರ್‌ನ ‘ಸನ್‌ಸೆಟ್ ಬುಲೆವಾರ್ಡ್’ (1950) ಚಿತ್ರದ ನಾರ್ಮಾ ಡೆಸ್ಮಂಡ್ ಕೂಡ ಐವತ್ತರ ಹಳೆಯ ತಾರೆ. ಅವಳೂ ಒಂಟಿಯಾಗಿ, ಮುಖಕ್ಕೆ ನಾನಾ ಚಿಕಿತ್ಸೆ ಮಾಡಿಸಿಕೊಂಡು, ಕೊನೆಗೆ ಬುದ್ಧಿ ಕಳೆದುಕೊಳ್ಳುತ್ತಾಳೆ. ಮುಕ್ಕಾಲು ಶತಮಾನ ಕಳೆದರೂ ಹಾಲಿವುಡ್‌ಗೆ ಈ ಹೆಣ್ಣಿಗೆ ಬೇರೊಂದು ಗತಿ ಹೊಳೆದಿಲ್ಲ.

ಹೊಳೆದೇ ಇಲ್ಲ ಎಂದರೆ ತಪ್ಪಾದೀತು. ಅದೇ 2024ರಲ್ಲಿ ಗಿಯಾ ಕಪೋಲಾ ‘ದಿ ಲಾಸ್ಟ್ ಶೋಗರ್ಲ್’ ಮಾಡಿದರು. ಲಾಸ್ ವೇಗಸ್‌ನ ನರ್ತಕಿ ಶೆಲ್ಲಿಯಾಗಿ ಪಮೇಲಾ ಆಂಡರ್ಸನ್. ಮೂವತ್ತು ವರ್ಷದ ಪ್ರದರ್ಶನ ಮುಚ್ಚಿಹೋಗುತ್ತಿದೆ, ಅವಳಿಗೆ 57. ಚಿತ್ರಕ್ಕೆ ಸಡಿಲ ಜಾಗಗಳಿವೆ, ಫಾರ್ಜಾರ ಬಿಗಿ ಅದಕ್ಕಿಲ್ಲ. ಆದರೆ ಶೆಲ್ಲಿಗೆ ಜೇಮಿ ಲೀ ಕರ್ಟಿಸ್ ಅಭಿನಯಿಸಿದ ಗೆಳತಿಯಿದ್ದಾಳೆ, ಮುನಿಸಿಕೊಂಡ ಮಗಳಿದ್ದಾಳೆ, ಅವಳನ್ನು ನೆಚ್ಚಿದ ಕಿರಿಯ ಹುಡುಗಿಯರಿದ್ದಾರೆ. ಮುಖ ಇಳಿದರೂ ಬದುಕು ಸುತ್ತ ಉಳಿದಿದೆ. ಸೋಲು ಅವಳಿಗೂ ಇದೆ, ಆದರೆ ಅವಳನ್ನು ರಾಕ್ಷಸಿ ಮಾಡಬೇಕೆಂದು ಚಿತ್ರಕ್ಕೆ ಅನಿಸಿಲ್ಲ.

ಗಂಡಿನ ಮುಖಕ್ಕೆ ಹುಡುಗನ ಅಂದ, ಪ್ರೌಢನ ಅಂದ ಎಂಬ ಎರಡು ಅಳತೆಗಳಿವೆ, ಹೆಣ್ಣಿಗೆ ಹುಡುಗಿಯದೊಂದೇ ಎಂದು ಸೂಸನ್ ಸಾಂಟ್ಯಾಗ್ 1972ರಲ್ಲೇ ಬರೆದಿದ್ದರು. ಇದಕ್ಕೆ ಕನ್ನಡದ ತೆರೆಯ ಮೇಲೆಯೇ ಸಾಕ್ಷಿಯಿದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಡಾ. ರಾಜ್‌ಕುಮಾರ್ ಮೊದಲ ಬಾರಿ ನಾಯಕರಾದಾಗ ನಾಯಕಿ ಪಂಡರಿಬಾಯಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. 1986ರ ‘ಅನುರಾಗ ಅರಳಿತು’ ಚಿತ್ರದ ಹೊತ್ತಿಗೆ ರಾಜ್ ಇನ್ನೂ ನಾಯಕ, ಪಂಡರಿಬಾಯಿ ಅವರ ತಾಯಿ. ಪಂಡರಿಬಾಯಿಯವರ ಅಭಿನಯದ ಘನತೆ ಎಂಥದೆಂದರೆ ಯಾರಿಗೂ ಇದು ಅಸಹಜ ಎನಿಸಲೇ ಇಲ್ಲ. ಅನಿಸಬೇಕಿತ್ತು. ಅದೇ 1986ರಲ್ಲಿ ‘ಆನಂದ್’ ಮೂಲಕ ಶಿವರಾಜ್‌ಕುಮಾರ್ ಮತ್ತು ಸುಧಾರಾಣಿ ಒಟ್ಟಿಗೆ ಬಂದರು. 2024ರ ‘ಭೈರತಿ ರಣಗಲ್’ನಲ್ಲಿ ಅರವತ್ತು ದಾಟಿದ ಶಿವಣ್ಣ ನಾಯಕ, ಜೊತೆಗಿರುವುದು ಇಪ್ಪತ್ತರ ಹರೆಯದ ರುಕ್ಮಿಣಿ ವಸಂತ್. ಸುಧಾರಾಣಿ ಅವರಿಗೆ ಮತ್ತೆ ಕಥೆಯ ನಡುವಿನ ಜಾಗ ಸಿಕ್ಕಿದ್ದು ಕಿರುತೆರೆಯಲ್ಲಿ. 2022ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಶ್ರೀರಸ್ತು ಶುಭಮಸ್ತು’ವಿನ ತುಳಸಿ ಪ್ರಾಯಕ್ಕೆ ಬಂದ ಮಗನಿರುವ ವಿಧವೆ, ನಡುವಯಸ್ಸಿನಲ್ಲಿ ಮರುಮದುವೆಯಾಗುತ್ತಾಳೆ. ಧಾರಾವಾಹಿಯ ಎಳೆದಾಟ ಅದಕ್ಕೂ ತಪ್ಪಿಲ್ಲ. ಆದರೂ ಹಾರ್ವಿಯಂಥವರು ಯಾರನ್ನು ಮನೆಗೆ ಕಳಿಸುತ್ತಿದ್ದರೋ, ಅಂಥ ಹೆಣ್ಣಿನ ಪ್ರೇಮಕ್ಕೆ ಮನೆಮನೆಯ ಸಂಜೆ ಕಾದು ಕೂತಿತು.

ಇದಕ್ಕೂ ಮೊದಲು, 2008ರಲ್ಲಿ, ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸ್’ ಮಾಡಿದ್ದರು. ಕರಾವಳಿಯ ಸೂಲಗಿತ್ತಿ ಗುಲಾಬಿಗೆ ಗಂಡನ ಆಸರೆಯಿಲ್ಲ, ಸಿನಿಮಾದ ಹುಚ್ಚು ಮಾತ್ರ ವಿಪರೀತ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಟಿವಿ ಬಂದಾಗ ಕೇರಿಯ ಹೆಂಗಸರು ಅವಳ ಮನೆಯಲ್ಲಿ ಸೇರತೊಡಗುತ್ತಾರೆ. ಉಮಾಶ್ರೀಯವರ ಮುಖವನ್ನು ಕ್ಯಾಮೆರಾ ಹತ್ತಿರದಿಂದಲೇ ನೋಡುತ್ತದೆ. ಬಿಸಿಲಿಗೆ ಕಂದಿದ, ದಣಿದ, ತೆರೆಯ ಬೆಳಕು ಬಿದ್ದಾಗ ಅರಳುವ ಮುಖವದು. ಅದರ ವಯಸ್ಸನ್ನು ಚಿತ್ರ ಮುಚ್ಚಿಡುವುದಿಲ್ಲ, ಎತ್ತಿ ತೋರಿಸುವುದೂ ಇಲ್ಲ. ಆಸೆ, ಹಟ, ಗೆಳೆತನ, ಒಂಟಿತನ ಎಲ್ಲ ಅಲ್ಲೇ ಓದಲು ಸಿಗುತ್ತವೆ. ಆ ಪಾತ್ರಕ್ಕಾಗಿ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಬಂದಾಗ ಉಮಾಶ್ರೀಯವರಿಗೆ ಐವತ್ತು ದಾಟಿತ್ತು. ಫಾರ್ಜಾರ ಚಿತ್ರವನ್ನು ಮೆಚ್ಚಿದವರು ಇದನ್ನೂ ಹುಡುಕಿ ನೋಡಬೇಕು, ಅದೂ ಆದಷ್ಟು ಬೇಗ, ಒಂದರ ನೆನಪು ಮಾಸುವ ಮೊದಲು.