ಸಿಸ್ಕೊ ಅಳಿಸಿದ ದಾಖಲೆ

ಅಮೆರಿಕದ 'ಸ್ಟಾರ್ ಟ್ರೆಕ್' ಪರಂಪರೆಗೆ ಸೇರಿದ 'ಡೀಪ್ ಸ್ಪೇಸ್ ನೈನ್' ಎಂಬ ಟೆಲಿವಿಷನ್ ಧಾರಾವಾಹಿ 1993ರಿಂದ 1999ರವರೆಗೆ ಪ್ರಸಾರವಾಯಿತು. ಅದರ ನಾಯಕ ಬೆಂಜಮಿನ್ ಸಿಸ್ಕೊ, 24ನೇ ಶತಮಾನದ ಬಾಹ್ಯಾಕಾಶ ನಿಲ್ದಾಣವೊಂದರ ಅಧಿಕಾರಿ, ಕಪ್ಪು ಮನುಷ್ಯ. ಪಾತ್ರ ಮಾಡಿದವರು ಏವರಿ ಬ್ರೂಕ್ಸ್. ಇವನನ್ನು ಮೆಚ್ಚುವವರು ಈಗಲೂ ಎತ್ತಿ ಆಡುವುದು 1998ರ ಏಪ್ರಿಲ್‌ನಲ್ಲಿ ಬಂದ 'ಇನ್ ದ ಪೇಲ್ ಮೂನ್‌ಲೈಟ್' ಎಂಬ ಕಂತನ್ನು. ಅದರಲ್ಲಿ ಸಿಸ್ಕೊ ಸುಳ್ಳು ಹೇಳುತ್ತಾನೆ, ಲಂಚ ಕೊಡುತ್ತಾನೆ, ಎರಡು ಕೊಲೆಗೆ ಕಾರಣನಾಗುತ್ತಾನೆ; ಕಡೆಗೆ ಇದನ್ನು ಹೊತ್ತುಕೊಂಡೇ ಬಾಳಬಲ್ಲೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಇದನ್ನು ನೈತಿಕ ದ್ವಂದ್ವ ಅಂತಾರೆ. ಸರಿ, ದ್ವಂದ್ವ ಯಾರದು? ಅದಕ್ಕೆ ಬೆಲೆ ತೆತ್ತವರು ಯಾರು?

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ಧಾರಾವಾಹಿ ಯಾಕೆ ಅಂತ ಕೇಳುವವರು ಇದ್ದೇ ಇರ್ತಾರೆ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆದವರು. ಕಪ್ಪು ಜನರ ಕಥನವನ್ನು ನಾವು ನೆಂಟರ ಮನೆಯ ಸುದ್ದಿಯ ಹಾಗೆ ಕೇಳಿಕೊಂಡು ಬಂದವರು. ನೆಂಟರಾದ ಮೇಲೆ ಪ್ರೀತಿಯೂ ಉಂಟು, ಜಗಳವೂ ಉಂಟು.

ಮೊದಲು ಪ್ರೀತಿಯ ಮಾತು. ಇದೇ ಕಂತಿಗೆ ಎರಡು ತಿಂಗಳ ಹಿಂದೆ, 1998ರ ಫೆಬ್ರವರಿಯಲ್ಲಿ, ಬ್ರೂಕ್ಸ್ ತಾವೇ ನಿರ್ದೇಶಿಸಿದ 'ಫಾರ್ ಬಿಯಾಂಡ್ ದ ಸ್ಟಾರ್ಸ್' ಬಂದಿತ್ತು. ಅದರಲ್ಲಿ ಸಿಸ್ಕೊಗೆ ಒಂದು ದರ್ಶನವಾಗುತ್ತದೆ: ತಾನು 1953ರ ನ್ಯೂಯಾರ್ಕಿನ ಬೆನ್ನಿ ರಸೆಲ್ ಎಂಬ ಕಪ್ಪು ಕತೆಗಾರ. ಕಪ್ಪು ನಾಯಕನೊಬ್ಬ ಬಾಹ್ಯಾಕಾಶ ನಿಲ್ದಾಣ ಆಳುವ ಕತೆಯನ್ನು ಬೆನ್ನಿ ಬರೆಯುತ್ತಾನೆ. ಅದು ಅಚ್ಚಾಗಬಾರದೆಂದು ಪತ್ರಿಕೆಯ ಮಾಲೀಕ ಇಡೀ ಸಂಚಿಕೆಯನ್ನೇ ನಾಶ ಮಾಡಿಸುತ್ತಾನೆ. ಬೆನ್ನಿಯ ಕೆಲಸವೂ ಹೋಗುತ್ತದೆ. ಇದು ಬರೀ ಕಲ್ಪನೆಯಲ್ಲ. ನಾಯಕ ಕಪ್ಪು ಎಂಬ ಕಾರಣಕ್ಕೆ ತನ್ನ 'ನೋವಾ' ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕಲು ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಒಪ್ಪಲಿಲ್ಲವೆಂದು ಕಪ್ಪು ಲೇಖಕ ಸ್ಯಾಮ್ಯುಯೆಲ್ ಡಿಲೇನಿ ಬರೆದಿದ್ದಾರೆ. ಆ ಕಾದಂಬರಿ ಪುಸ್ತಕವಾಗಿ ಬಂದದ್ದು 1968ರಲ್ಲಿ. ಇಂಥ ಹಿನ್ನೆಲೆಯಲ್ಲಿ ಸಿಸ್ಕೊ ಆ ಕುರ್ಚಿಯಲ್ಲಿ ಕೂತದ್ದು ಸಣ್ಣ ಮಾತಲ್ಲ. ಕೊನೆಯ ಕಂತಿನಲ್ಲಿ ಬಸುರಿ ಹೆಂಡತಿಯನ್ನು ಬಿಟ್ಟು ಸಿಸ್ಕೊ ಹೊರಟುಹೋಗುವ ದೃಶ್ಯವನ್ನು ಬ್ರೂಕ್ಸ್ ಹಟ ಹಿಡಿದು ಬದಲಿಸಿದರು, ತಿರುಗಿ ಬರುತ್ತೇನೆ ಅನ್ನುವ ಮಾತು ಸೇರಿಸಿದರು. ಕಪ್ಪು ತಂದೆ ಅಂದರೆ ಬಿಟ್ಟು ಹೋಗುವವನು ಎಂಬ ಹಳೇ ಮಾತಿಗೆ ತಾನು ಇನ್ನೊಂದು ಸಾಕ್ಷಿಯಾಗಬಾರದು ಅಂತ.

ಆದ್ದರಿಂದ ಸಿಸ್ಕೊ ಕೆಟ್ಟ ಅಂತ ಹೇಳಿ ಕೈ ತೊಳೆದುಕೊಳ್ಳಲು ನಾನು ತಯಾರಿಲ್ಲ. ನಮ್ಮವನು ಸಂತನಾದರೆ ಮಾತ್ರ ನಾಯಕ ಅನ್ನುವುದೂ ಯಜಮಾನಿಕೆಯ ಮಾತೇ. ಹಿಂದಿನ ಸರಣಿಯ ಬಿಳಿಯ ಕ್ಯಾಪ್ಟನ್ ಪಿಕಾರ್ಡ್ ಅಷ್ಟು ಮಡಿಯಾಗಿ ಉಳಿದದ್ದು ಹೇಗೆ? ಸಿಸ್ಕೊನ ಹಾಗೆ ವಾರ ವಾರವೂ ಸತ್ತವರ ಪಟ್ಟಿ ಓದುವ ಕರ್ಮ ಅವನಿಗೆ ಬರಲಿಲ್ಲ.

ಈಗ ಜಗಳ. ಡೊಮಿನಿಯನ್ ಎಂಬ ಶಕ್ತಿಯೊಂದಿಗಿನ ಯುದ್ಧದಲ್ಲಿ ಸಿಸ್ಕೊನ ಕಡೆಯವರು ಸೋಲುತ್ತಿದ್ದಾರೆ. ಸತ್ತವರ ಪಟ್ಟಿ ಪ್ರತಿ ಶುಕ್ರವಾರ ಗೋಡೆಗೆ ಬೀಳುತ್ತದೆ. ತಟಸ್ಥರಾಗಿರುವ ರಾಮ್ಯುಲನ್ನರನ್ನು ಯುದ್ಧಕ್ಕೆ ಎಳೆಯಬೇಕು, ಅದಕ್ಕೆ ಸುಳ್ಳು ಸಾಕ್ಷಿ ಬೇಕು. ದರ್ಜಿಯ ವೇಷದ ಹಳೇ ಗೂಢಚಾರ ಗ್ಯಾರಕ್ ದಾರಿ ತೋರಿಸುತ್ತಾನೆ. ಸಾಕ್ಷಿ ಸೃಷ್ಟಿಸಲು ಟೋಲಾರ್ ಎಂಬ ಖೋಟಾ ಕಸುಬಿನವನನ್ನು ಕ್ಲಿಂಗಾನ್ ಜೈಲಿನಿಂದ, ಮರಣದಂಡನೆಯ ಬಾಯಿಂದ ಬಿಡಿಸಿ ತರುತ್ತಾರೆ. ಅವನು ಕುಡಿದು ಕ್ವಾರ್ಕನ ಬಾರಿನಲ್ಲಿ ಗಲಾಟೆ ಮಾಡ್ತಾನೆ, ಕ್ವಾರ್ಕನಿಗೇ ಚಾಕು ಹಾಕ್ತಾನೆ. ಸಿಸ್ಕೊ ಲಂಚ ಕೊಟ್ಟು ಬಾಯಿ ಮುಚ್ಚಿಸುತ್ತಾನೆ. ರಾಮ್ಯುಲನ್ ಸೆನೆಟರ್ ವ್ರೀನಾಕ್ ಮೋಸ ಕಂಡುಹಿಡಿದ ಮೇಲೆ ಗ್ಯಾರಕ್ ಅವನ ನೌಕೆಯನ್ನು ಸ್ಫೋಟಿಸುತ್ತಾನೆ. ಟೋಲಾರ್‌ನನ್ನೂ ಮುಗಿಸುತ್ತಾನೆ.

ವ್ರೀನಾಕ್ ಸತ್ತದ್ದಕ್ಕೆ ಒಂದು ಸಾಮ್ರಾಜ್ಯವೇ ಯುದ್ಧಕ್ಕೆ ಇಳಿಯಿತು. ಟೋಲಾರ್ ಸತ್ತದ್ದಕ್ಕೆ? ಅವನನ್ನೂ ಕೊಂದೆಯಾ ಅಂತ ಸಿಸ್ಕೊ ಒಂದು ಮಾತು ಕೇಳುತ್ತಾನೆ, ಗ್ಯಾರಕ್‌ಗೆ ಗುದ್ದುತ್ತಾನೆ, ಅಷ್ಟೆ. ಗ್ಯಾರಕ್ ಖರ್ಚಿನ ಲೆಕ್ಕ ಹೇಳುವಾಗ ಒಬ್ಬ ಸೆನೆಟರ್, ಒಬ್ಬ ಅಪರಾಧಿ, ಒಬ್ಬ ಅಧಿಕಾರಿಯ ಆತ್ಮಗೌರವ ಅನ್ನುತ್ತಾನೆ. ಹೆಸರಿಲ್ಲ, 'ಅಪರಾಧಿ'. ಕಂತನ್ನು ಹೊಗಳುವವರು ಈ ಮೂರರಲ್ಲಿ ಮೂರನೆಯದರ ಬಗ್ಗೆಯೇ ಮಾತಾಡುತ್ತಾರೆ. ಅಧಿಕಾರಿಯ ಸಂಕಟ ಸಾಹಿತ್ಯವಾಗುತ್ತದೆ, ಜೈಲಿನಿಂದ ತಂದವನ ಸಾವು ಕತೆಗೆ ಅನುಕೂಲವಾಗುತ್ತದೆ. ಅವನು ಕುಡುಕ, ಚಾಕು ಹಾಕುವವನು ಅಂತ ಮೊದಲೇ ತೋರಿಸಿರುವುದು ಸುಮ್ಮನೆ ಅಲ್ಲ. ಅವನು ಸತ್ತಾಗ ನಮಗೆ ನೋವಾಗಬಾರದಲ್ಲ! ಈ ಉಪಾಯ ನಮಗೆ ಹೊಸದೇನೂ ಅಲ್ಲ, ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಕೇಳಿದ್ದೇ.

ಇಡೀ ಕಂತು ಸಿಸ್ಕೊ ನಮ್ಮ ಕಡೆ ಮುಖ ಮಾಡಿ ಹೇಳುವ ದಾಖಲೆ. ಹೇಳಿ ಮುಗಿಸಿದ ಮೇಲೆ ಅದನ್ನು ಅಳಿಸಿಹಾಕು ಅಂತ ಕಂಪ್ಯೂಟರಿಗೆ ಆಜ್ಞೆ ಮಾಡುತ್ತಾನೆ. ಎರಡು ತಿಂಗಳ ಹಿಂದೆ ಬೆನ್ನಿಯಾಗಿ, ಬರೆದದ್ದನ್ನು ನಾಶ ಮಾಡಬಹುದು, ತಾನು ಕಲ್ಪಿಸಿದ ಲೋಕವನ್ನು ನಾಶ ಮಾಡಲಾಗದು ಅಂತ ಕೂಗಿ ಕುಸಿದುಬಿದ್ದವನು ಇವನೇ. ಈಗ ಅಳಿಸುವ ಅಧಿಕಾರ ಇವನ ಕೈಯಲ್ಲಿದೆ. ಟೋಲಾರ್ ಹೇಗೆ ಸತ್ತ ಅನ್ನುವುದು ಆ ದಾಖಲೆಯಲ್ಲಿ ಮಾತ್ರ ಇತ್ತು. ಮುಂದಿನ ಶುಕ್ರವಾರದ ಪಟ್ಟಿಯಲ್ಲಿ ಅವನ ಹೆಸರು ಇರುವುದಿಲ್ಲ.